ಥಾಣೆ, ನವಿ ಮುಂಬೈ ಡ್ರಗ್ಸ್ ಜಾಲ: ವಶವಾಗಿದ್ದು ಸಾವಿರಾರು ಕೋಟಿ, ದಂಧೆ ಮಾತ್ರ ನಿಂತಿಲ್ಲ ಏಕೆ?

2022ರ ಸೆಪ್ಟೆಂಬರ್ ಕೊನೆಯಲ್ಲಿ ನವಿ ಮುಂಬೈನ ವಾಶಿಯಲ್ಲಿ ಕಿತ್ತಳೆ ಹಣ್ಣು ತುಂಬಿದ್ದ ಲಾರಿಯನ್ನು ಡಿಆರ್‌ಐ ಅಧಿಕಾರಿಗಳು ತಡೆದರು. ಸಿಕ್ಕಿದ್ದು 198 ಕೆಜಿ ಮೆಥಾಂಫೆಟಮೈನ್ ಮತ್ತು 9 ಕೆಜಿ ಕೊಕೇನ್. ಅಂದಾಜು ಮೌಲ್ಯ 1,476 ಕೋಟಿ ರೂ. ಹಿಂದಿನ ವರ್ಷ ಜುಲೈನಲ್ಲಿ ಅಲ್ಲೇ ಸಮೀಪದ ನವಾ ಶೇವಾ ಬಂದರಿನಲ್ಲಿ ಸುಮಾರು 300 ಕೆಜಿ ಹೆರಾಯಿನ್ ವಶವಾಗಿತ್ತು. 2025ರಲ್ಲಿ ಕಲ್ಯಾಣ್ ಪೊಲೀಸರು ವಿಶಾಖಪಟ್ಟಣದ ಕಡೆಯಿಂದ ಬರುತ್ತಿದ್ದ ಗಾಂಜಾ ಜಾಲವನ್ನು ಭೇದಿಸಿದರು.

ಇದೆಲ್ಲ ಸಾಧನೆಯೇ. ಆದರೆ ಇಷ್ಟು ಕೋಟಿಯ ಮಾಲು ಸಿಕ್ಕಿದೆ ಎಂಬ ಲೆಕ್ಕ, ಎಷ್ಟು ಕೈತಪ್ಪಿ ಹೋಯಿತು ಎಂಬುದನ್ನು ಹೇಳುವುದಿಲ್ಲ. ನಿಜವಾದ ಪರೀಕ್ಷೆ ಕೋರ್ಟ್‌ನಲ್ಲಿ.

2016ರಲ್ಲಿ ಥಾಣೆ ಪೊಲೀಸರು ಸೊಲ್ಲಾಪುರದ ಔಷಧ ಕಾರ್ಖಾನೆಯೊಂದರಿಂದ 18 ಟನ್‌ಗೂ ಹೆಚ್ಚು ಎಫೆಡ್ರಿನ್ ವಶಪಡಿಸಿಕೊಂಡಿದ್ದರು. 2,000 ಕೋಟಿ ರೂ. ಮೌಲ್ಯ ಎಂದು ದೇಶವಿಡೀ ಸುದ್ದಿಯಾಯಿತು. ನಟಿ ಮಮತಾ ಕುಲಕರ್ಣಿ ಹೆಸರೂ ಆರೋಪಿಗಳ ಪಟ್ಟಿ ಸೇರಿತು. ಎಂಟು ವರ್ಷಗಳ ನಂತರ, 2024ರಲ್ಲಿ, ಸಾಕ್ಷ್ಯ ಸಾಲದು ಎಂದು ಬಾಂಬೆ ಹೈಕೋರ್ಟ್ ಆಕೆಯ ವಿರುದ್ಧದ ಎಫ್‌ಐಆರ್ ಅನ್ನೇ ರದ್ದುಪಡಿಸಿತು. ಅಷ್ಟು ದೊಡ್ಡ ಸುದ್ದಿಯ ಈ ಕೊನೆ ಎಷ್ಟು ಮಂದಿಗೆ ನೆನಪಿದೆಯೋ!

ಇನ್ನೊಂದು ತೊಡಕು ಎಂಡಿ, ಅಂದರೆ ಮೆಫೆಡ್ರೋನ್. ಇದು 2015ರ ಫೆಬ್ರವರಿಯಲ್ಲಷ್ಟೇ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬಂತು. ಗಾಂಜಾಕ್ಕೆ ಹೊಲ ಬೇಕು, ಹೆರಾಯಿನ್‌ಗೆ ಗಡಿ ದಾಟಬೇಕು. ಎಂಡಿಗೆ ರಾಸಾಯನಿಕ, ಬಾಡಿಗೆ ಶೆಡ್, ವಿಷಯ ಬಲ್ಲ ಒಬ್ಬ ಇದ್ದರೆ ಸಾಕು. ಹೀಗಾಗಿ ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆ ತಲೆ ಎತ್ತುತ್ತದೆ. 2023ರಲ್ಲಿ ನಾಸಿಕ್ ಬಳಿ ಕಾರ್ಖಾನೆ ಸಿಕ್ಕಿತು. 2025ರಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ಒಬ್ಬನ ಬಳಿ ಸಿಕ್ಕ 52 ಗ್ರಾಂ ಎಂಡಿಯ ಜಾಡು ಹಿಡಿದು ನಮ್ಮ ಮೈಸೂರಿಗೇ ಬಂದರು. ಅಲ್ಲಿ ಪತ್ತೆಯಾಗಿದ್ದು 187 ಕೆಜಿ!

ಆ 52 ಗ್ರಾಂಗೂ ಅರ್ಥವಿದೆ. ಎಂಡಿ 50 ಗ್ರಾಂ ದಾಟಿದರೆ ಕಾನೂನಿನ ಪ್ರಕಾರ 'ವಾಣಿಜ್ಯ ಪ್ರಮಾಣ'. ಕನಿಷ್ಠ 10 ವರ್ಷ ಜೈಲು, ಜಾಮೀನು ಬಹಳ ಕಷ್ಟ. ಅದಕ್ಕಿಂತ ಕಡಿಮೆ ಇದ್ದರೆ ಜಾಮೀನಿಗೆ ಆ ಕಠಿಣ ಷರತ್ತುಗಳಿಲ್ಲ. ಬೀದಿಯಲ್ಲಿ ಮಾರುವವನು ಎಷ್ಟು ಇಟ್ಟುಕೊಂಡು ಓಡಾಡುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ತಪಾಸಣೆ, ಮಾದರಿ ಸಂಗ್ರಹದ ನಿಯಮಗಳಲ್ಲಿ ಪೊಲೀಸರು ಎಡವಿದರೆ ದೊಡ್ಡ ಕೇಸೂ ದುರ್ಬಲವಾಗುತ್ತದೆ.

ಇದಕ್ಕೆ ಮಹಾರಾಷ್ಟ್ರದ ಉತ್ತರ ಮೋಕಾ ಕಾಯ್ದೆ. ಮಾದಕ ವಸ್ತು ಅಪರಾಧಗಳನ್ನೂ ಅದರಡಿ ತರುವ ತಿದ್ದುಪಡಿಗೆ 2025ರ ಜುಲೈನಲ್ಲಿ ವಿಧಾನಸಭೆ ಒಪ್ಪಿಗೆ ನೀಡಿತು. ಹಿರಿಯ ಪೊಲೀಸ್ ಅಧಿಕಾರಿ ಎದುರಿನ ತಪ್ಪೊಪ್ಪಿಗೆಯೂ ಮೋಕಾದಡಿ ಸಾಕ್ಷ್ಯವಾಗುತ್ತದೆ. ಜಾಲದ ಮೇಲಿನವರನ್ನು ಹಿಡಿಯಲು ಇದು ನೆರವಾಗಬಹುದು, ಕೊಳ್ಳುವವರ ಸಂಖ್ಯೆಯನ್ನು ಇದು ಇಳಿಸುವುದಿಲ್ಲ. ನವಿ ಮುಂಬೈ ಪೊಲೀಸರು 2025ರ ಜನವರಿಯಲ್ಲಿ 'ನಶಾ ಮುಕ್ತ' ಅಭಿಯಾನವನ್ನೇನೋ ಆರಂಭಿಸಿದರು. ಆದರೆ 2019ರ ಏಮ್ಸ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಅಕ್ರಮ ಮಾದಕ ವಸ್ತುಗಳ ದಾಸರಾದವರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆಯುವವರು 20ರಲ್ಲಿ ಒಬ್ಬರು ಮಾತ್ರ.

ಕೇಸ್ ಬೀಳುವ ಭಯದಿಂದ ಎಷ್ಟೋ ಮನೆಗಳಲ್ಲಿ ಮಗನ ವಿಷಯ ಮುಚ್ಚಿಡುತ್ತಾರೆ. ಆದರೆ ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಆತನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ವ್ಯಸನ ಬಿಡಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 14446. ಮಾರಾಟದ ಬಗ್ಗೆ ಮಾಹಿತಿ ನೀಡಲು 1933.