ವಿಡಿಯೊ ಕಾಲ್‌ನಲ್ಲಿ ಹಿಮ್ಮಡಿ ಕಾಣುವುದಿಲ್ಲ

ಹಿರಿಯರ ಆರೈಕೆ ಕೇಂದ್ರ ನೋಡಲು ಹೋಗುವವರು ಸಾಮಾನ್ಯವಾಗಿ ಬೆಳಗಿನ ಹನ್ನೊಂದು ಗಂಟೆಗೆ ಹೋಗುತ್ತಾರೆ. ಅದು ಕೇಂದ್ರದವರೇ ಕೊಟ್ಟ ಸಮಯ. ಅಷ್ಟು ಹೊತ್ತಿಗೆ ಎಲ್ಲರ ಸ್ನಾನವಾಗಿ, ತಲೆ ಬಾಚಿ, ಹಾಸಿಗೆಯ ಬೆಡ್‌ಶೀಟ್ ಬದಲಾಗಿ, ನೆಲ ಒರೆಸಿ ಮುಗಿದಿರುತ್ತದೆ. ಹುಲ್ಲುಹಾಸು, ದೇವರ ಕೋಣೆ, ಟೀವಿ ಹಾಲ್, ಫಿಸಿಯೋಥೆರಪಿಯ ಜಾಗ ಎಲ್ಲ ತೋರಿಸಿ, ಕಾಫಿ ಕೊಟ್ಟು, ಅಡ್ವಾನ್ಸ್ ಎಷ್ಟೆಂದು ಹೇಳುತ್ತಾರೆ. ಹೋದವರೂ ಅವಸರದಲ್ಲಿರುತ್ತಾರೆ. ಸ್ಟ್ರೋಕ್ ಆದ ಅಪ್ಪನನ್ನೋ ಸೊಂಟದ ಮೂಳೆ ಮುರಿದ ಅಮ್ಮನನ್ನೋ ನಾಡಿದ್ದು ಡಿಸ್ಚಾರ್ಜ್ ಮಾಡುತ್ತೇವೆಂದು ಆಸ್ಪತ್ರೆಯವರು ಹೇಳಿರುತ್ತಾರೆ. ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕು ಬೇರೆ. ಆ ಅಳುಕಿನಲ್ಲಿ ಕಣ್ಣು ತಾನಾಗಿ ಹುಲ್ಲುಹಾಸಿನ ಮೇಲೆ ನಿಲ್ಲುತ್ತದೆ. ಹುಲ್ಲುಹಾಸು ಮಕ್ಕಳ ಮನಸ್ಸಿಗೆ ಹಚ್ಚುವ ಮುಲಾಮು. ಹಾಸಿಗೆ ಹಿಡಿದ ಅಪ್ಪ ಅದರ ಮೇಲೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರಾತ್ರಿಯದು. ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಚ್ಚರವಾಗಿರುವವರು ಎಷ್ಟು ಜನ? "ಇಪ್ಪತ್ನಾಲ್ಕು ಗಂಟೆಯೂ ಸಿಬ್ಬಂದಿ ಇರುತ್ತಾರೆ" ಎನ್ನುವುದು ಉತ್ತರವಲ್ಲ. ಒಂದು ಲೆಕ್ಕ ಹಾಕಿ ನೋಡಿ. ತಾನಾಗಿ ಹೊರಳಲಾಗದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು ಎನ್ನುವುದು ಶುಶ್ರೂಷೆಯ ಹಳೆಯ ಕಟ್ಟಳೆ. ಹಾಸಿಗೆ ಹಿಡಿದವರು ಇಪ್ಪತ್ತು ಮಂದಿ ಇದ್ದಾರೆ ಎನ್ನಿ, ರಾತ್ರಿ ಪಾಳಿಗೆ ಇಬ್ಬರು ಆಯಾಗಳು. ಒಬ್ಬರನ್ನು ಇಬ್ಬರೂ ಸೇರಿ ಎತ್ತಿ, ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಒದ್ದೆಯಾಗಿದೆಯೇ ನೋಡಲು ಐದು ನಿಮಿಷ ಬೇಕೆಂದರೂ ಇಪ್ಪತ್ತು ಮಂದಿಗೆ ನೂರು ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಡಯಾಪರ್ ಬದಲಿಸಬೇಕು, ನೀರು ಕೇಳಿದವರಿಗೆ ನೀರು ಕೊಡಬೇಕು, ಎದ್ದು ಓಡಾಡುವ ಮರೆವಿನ ಕಾಯಿಲೆಯವರನ್ನು ಹಿಡಿದು ಕೂರಿಸಬೇಕು. ಅಷ್ಟರಲ್ಲಿ ಮೊದಲನೆಯವರ ಸರದಿ ಮತ್ತೆ ಬಂದಿರುತ್ತದೆ. ಆಯಾಗಳು ಎಷ್ಟೇ ಒಳ್ಳೆಯವರಾಗಿರಲಿ, ಈ ಲೆಕ್ಕದಲ್ಲಿ ಯಾರದಾದರೂ ಮಗ್ಗುಲು ತಪ್ಪಿಯೇ ತಪ್ಪುತ್ತದೆ. ಬೆಳಿಗ್ಗೆ ಚಾರ್ಟಿನಲ್ಲಿ ಮಾತ್ರ ಎಲ್ಲ ಎರಡೆರಡು ಗಂಟೆಗೂ ಒಂದೇ ಪೆನ್ನಿನ ಒಂದೇ ಅಕ್ಷರದ ಟಿಕ್ ಇರುತ್ತದೆ. ಒಂದೇ ಸಲಕ್ಕೆ ಕೂತು ತುಂಬಿಸಿದ ಚಾರ್ಟ್ ನೋಡಿದರೆ ತಿಳಿಯುತ್ತದೆ.

ಆರೈಕೆಯ ಗುಣಮಟ್ಟವನ್ನು ಅಳೆಯುವುದು ಹೇಗೆಂದು ಮೊದಲು ಕ್ರಮಬದ್ಧವಾಗಿ ಯೋಚಿಸಿದವರಲ್ಲಿ ಅವೆಡಿಸ್ ದೊನಾಬೆಡಿಯನ್ ಮುಖ್ಯರು. ಬೈರೂತಿನಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ವೈದ್ಯ. 1966ರ ಒಂದು ಪ್ರಬಂಧದಲ್ಲಿ ಅವರು ಮೂರು ಕಡೆ ನೋಡಿ ಎಂದರು: ಏನೇನು ಇದೆ, ಏನೇನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ನಮ್ಮಲ್ಲಿ ಕೇಂದ್ರ ನೋಡಲು ಹೋಗುವವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಲಿಫ್ಟ್ ಇದೆ, ಆಕ್ಸಿಜನ್ ಇದೆ, ಏರ್ ಬೆಡ್ ಇದೆ. ಏರ್ ಬೆಡ್‌ನ ಪಂಪಿನ ಪ್ಲಗ್ ಸ್ವಿಚ್ ಬೋರ್ಡಿಗೆ ಹಾಕಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ.

ಮೂರನೆಯದು ಮೈಮೇಲೆ ಬರೆದಿರುತ್ತದೆ. ಬೆನ್ನಿನ ತಳ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ: ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಕಡಿಮೆ ಇರುವ ಜಾಗಗಳಲ್ಲಿ ಬೆಡ್‌ಸೋರ್ ಮೊದಲು ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಹುಣ್ಣೇ ಇರುವುದಿಲ್ಲ. ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಮಚ್ಚೆ ಅಷ್ಟೇ. ಈ ವಿವರಣೆ ಬಿಳಿಯ ಚರ್ಮಕ್ಕೆ ಹೊಂದುವಂಥದ್ದು. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಹೆಚ್ಚು ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಕೈಯಿಂದ ಮುಟ್ಟಿಯೇ ನೋಡಬೇಕು. ಅಮ್ಮನ ಬೆನ್ನು ನೋಡಲು ಮಗನಿಗೆ ಸಂಕೋಚವಾಗಬಹುದು. ಸೊಸೆಯನ್ನೋ ಅಕ್ಕತಂಗಿಯನ್ನೋ ಕರೆದುಕೊಂಡು ಹೋಗಲಿ. ಹಿಮ್ಮಡಿ ನೋಡಲಂತೂ ಸಂಕೋಚ ಬೇಕಿಲ್ಲ. ಡಲ್ಲಾಸ್‌ನಿಂದಲೋ ದುಬೈನಿಂದಲೋ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುವ ಮಕ್ಕಳಿಗೆ ಕಾಣುವುದು ಹಣೆಗೆ ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕೂರಿಸಿದ ಮುಖ. ಊರಿನಲ್ಲಿರುವ ನೆಂಟರೊಬ್ಬರಿಗೆ ತಿಂಗಳಿಗೆರಡು ಸಲ ಹೋಗಿ ಕಾಲು ನೋಡಿ ಬರುವ ಕೆಲಸ ಒಪ್ಪಿಸಿದರೆ ಅದು ಹತ್ತು ವಿಡಿಯೊ ಕಾಲ್‌ಗಳಿಗಿಂತ ಮೇಲು.

ತೂಕವೂ ಹಾಗೆಯೇ. ತಿಂಗಳಲ್ಲಿ ಶೇ 5ರಷ್ಟು ಇಳಿದರೆ, ಅಂದರೆ 50 ಕಿಲೊ ಇದ್ದವರು ಎರಡೂವರೆ ಕಿಲೊ ಕಳೆದುಕೊಂಡರೆ, ಅದು ಗಂಭೀರ ಎಂದು ಲೆಕ್ಕ. ನಿಲ್ಲಲಾಗದವರನ್ನು ತೂಗುವುದು ಕಷ್ಟ ಎಂದು ಕೇಂದ್ರದವರು ಹೇಳುತ್ತಾರೆ, ನಿಜವೇ. ಟೈಲರ್ ಟೇಪಿನಿಂದ ಮೀನಖಂಡದ ದಪ್ಪಭಾಗವನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಮುದುಕರ ಪೌಷ್ಟಿಕತೆ ನೋಡುವ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ 31 ಸೆಂಟಿಮೀಟರ್‌ಗಿಂತ ಕಡಿಮೆ ಎಂದರೆ ಎಚ್ಚರಿಕೆಯ ಗೆರೆ.

ತೂಕ ಇಳಿಯಲು ಊಟ ಕೆಟ್ಟದಾಗಿರಲೇಬೇಕೆಂದಿಲ್ಲ. ನುಂಗಲು ತಡವರಿಸುವವರಿಗೆ ಒಂದು ಬಟ್ಟಲು ಗಂಜಿಯನ್ನು ಚಮಚದಲ್ಲಿ ತಿನ್ನಿಸಲು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಸಮಯವಿಲ್ಲದ ಕಡೆ ನಾಲ್ಕು ಚಮಚಕ್ಕೆ "ಸಾಕಂತೆ" ಎಂದು ಬಟ್ಟಲು ಎತ್ತಿಬಿಡುತ್ತಾರೆ, ಇಲ್ಲವೇ ಮೂಗಿಗೆ ರೈಲ್ಸ್ ಟ್ಯೂಬ್ ಹಾಕಿಸುತ್ತಾರೆ. ಟ್ಯೂಬ್ ಬೇಕಾದವರಿಗೆ ಬೇಕೇ ಬೇಕು. ಆದರೆ ಅದು ರೋಗಿಗಾಗಿ ಹಾಕಿದ್ದೋ ಪಾಳಿಯ ಅನುಕೂಲಕ್ಕೋ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕ್ಯಾಥೆಟರ್ ವಿಷಯದಲ್ಲೂ ಇದೇ ಪ್ರಶ್ನೆ, ಏಕೆಂದರೆ ಅದು ಒಳಗಿದ್ದಷ್ಟು ದಿನ ಮೂತ್ರದ ಸೋಂಕಿನ ಭಯ ಹೆಚ್ಚುತ್ತದೆ. ಹಾಗಾಗಿ ನೋಡಲು ಹೋಗುವುದಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ. ತಿನ್ನಿಸುವವರು ಪಕ್ಕದಲ್ಲಿ ಕೂತು ತಿನ್ನಿಸುತ್ತಾರೋ ನಿಂತುಕೊಂಡೋ, ಮಾತಾಡಿಸುತ್ತಾ ತಿನ್ನಿಸುತ್ತಾರೋ ಮೊಬೈಲ್ ನೋಡುತ್ತಾ ತಿನ್ನಿಸುತ್ತಾರೋ, ಮಲಗಿಸಿಕೊಂಡೇ ನೀರು ಹೊಯ್ಯುತ್ತಾರೋ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಮ್ಮೂರಿನದೇ ಒಂದು ತೊಡಕಿದೆ. ಬೆಂಗಳೂರಿನ ಅನೇಕ ಕೇಂದ್ರಗಳಲ್ಲಿ ಆರೈಕೆ ಮಾಡುವ ಹುಡುಗಿಯರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಬಲು ಕಷ್ಟದ ಕೆಲಸ ಮಾಡುತ್ತಾರೆ, ಸಂಬಳ ಕಡಿಮೆ. ಅವರ ಮೇಲೆ ದೂರಿಲ್ಲ. ಆದರೆ ಮರೆವಿನ ಕಾಯಿಲೆ ಬಲಿತಂತೆ ಮನುಷ್ಯ ನಡುವೆ ಕಲಿತ ಭಾಷೆಗಳನ್ನು ಬಿಟ್ಟು ಬಾಲ್ಯದ ಭಾಷೆಗೆ ಮರಳುವುದುಂಟು. ನಲವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷ್, ಹಿಂದಿ ಮಾತಾಡಿದವರು ಈಗ ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ ಉಚ್ಚೆಗೆ ಹೋಗಬೇಕು ಎನ್ನುತ್ತಾರೆ. ಕೇಳಿಸಿಕೊಂಡವಳಿಗೆ ಅರ್ಥವಾಗುವುದಿಲ್ಲ. ಅವರು ಎದ್ದು ನಿಲ್ಲಲು ನೋಡುತ್ತಾರೆ, ಅವಳು ಕೂರಿಸುತ್ತಾಳೆ, ಅವರು ಕೈ ಕಡಿಯುತ್ತಾರೆ. ಸಂಜೆಯ ಹೊತ್ತಿಗೆ ಚಾರ್ಟಿನಲ್ಲಿ "ಆಕ್ರಮಣಕಾರಿ ವರ್ತನೆ" ಎಂದು ಬರೆದು, ರಾತ್ರಿ ಒಂದು ಮಾತ್ರೆ ಹೆಚ್ಚಾಗಿರುತ್ತದೆ.

ಆ ಮಾತ್ರೆಯ ಹೆಸರು ಕೇಳಿ ಬರೆದುಕೊಳ್ಳಿ. ಕ್ವಿಟಿಯಪಿನ್, ರಿಸ್ಪೆರಿಡೋನ್, ಒಲಾಂಜಪಿನ್ ಬಗೆಯ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತಿ ಕಟುವಾದ ಎಚ್ಚರಿಕೆ ಕೊಟ್ಟಿದೆ. ವೈದ್ಯರು ಯೋಚಿಸಿ ಕೆಲವೊಮ್ಮೆ ಕೊಡಬೇಕಾಗುತ್ತದೆ. ಯಾರು ಬರೆದುಕೊಟ್ಟರು, ಯಾವಾಗ ನಿಲ್ಲಿಸುತ್ತಾರೆ ಎಂಬುದಕ್ಕೆ ಉತ್ತರ ಇರಬೇಕು ಅಷ್ಟೇ. ಮಂಚಕ್ಕೆ ಕೈ ಕಟ್ಟುವುದನ್ನೂ, ಶಿಸ್ತಿಗೋ ಸಿಬ್ಬಂದಿಯ ಅನುಕೂಲಕ್ಕೋ ಮಾತ್ರೆ ಕೊಟ್ಟು ಮಂಕಾಗಿಸುವುದನ್ನೂ ಅಮೆರಿಕದ 1987ರ ಕಾಯ್ದೆ ಒಂದೇ ತಕ್ಕಡಿಯಲ್ಲಿಟ್ಟು ನಿರ್ಬಂಧಿಸಿತು. ಹೋದಾಗಲೆಲ್ಲ ಅಪ್ಪ ನಿದ್ದೆಯಲ್ಲೇ ಇದ್ದರೆ "ತುಂಬಾ ಶಾಂತವಾಗಿದ್ದಾರೆ ಸರ್" ಎಂಬ ಮಾತಿಗೆ ಸಮಾಧಾನಪಡಬೇಡಿ.

ಅಮೆರಿಕದಲ್ಲಿ ಇದಕ್ಕೆಲ್ಲ ಸರ್ಕಾರವೇ ಅಂಕ ಕೊಡುತ್ತದೆ. 2008ರಿಂದ ಅಲ್ಲಿನ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ. ಮೊದಮೊದಲು ಸಿಬ್ಬಂದಿ ಎಷ್ಟೆಂದು ಕೇಂದ್ರಗಳೇ ಹೇಳಿದ್ದನ್ನು ನಂಬಿ ನಕ್ಷತ್ರ ಕೊಡುತ್ತಿದ್ದರು. ಆಮೇಲೆ ಸಂಬಳದ ಪಟ್ಟಿಯ ದಾಖಲೆಯನ್ನೇ ತರಿಸಿಕೊಳ್ಳತೊಡಗಿ, 2018ರಿಂದ ಅದರ ಮೇಲೆ ಅಂಕ ಹಾಕಿದಾಗ ಬಣ್ಣ ಬಯಲಾಯಿತು. ಶನಿವಾರ, ಭಾನುವಾರ ಸಿಬ್ಬಂದಿಯ ಸಂಖ್ಯೆ ಗಣನೀಯವಾಗಿ ಇಳಿಯುತ್ತಿತ್ತು. ಪ್ರತಿಯೊಬ್ಬ ನಿವಾಸಿಗೂ ದಿನಕ್ಕೆ ಕನಿಷ್ಠ 3.48 ಗಂಟೆಯ ಶುಶ್ರೂಷೆ ಸಿಗಬೇಕೆಂದು 2024ರಲ್ಲಿ ನಿಯಮ ತಂದರೆ, ಮರುವರ್ಷವೇ ಟೆಕ್ಸಾಸ್‌ನ ನ್ಯಾಯಾಲಯ ಅದನ್ನು ರದ್ದುಮಾಡಿತು. ಅಷ್ಟು ದೊಡ್ಡ ವ್ಯವಸ್ಥೆಯ ಗತಿಯೇ ಹೀಗಿರುವಾಗ ಬರೀ ಗೂಗಲ್‌ನ ನಕ್ಷತ್ರ ನೋಡಿ ಹೋಗುವ ನಾವು ಕನಿಷ್ಠ ಭಾನುವಾರ ಸಂಜೆ, ಹೇಳದೆ ಕೇಳದೆ ಹೋಗಿ ನೋಡಬಹುದು. ಒಳಗೆ ಬಿಡುವುದಿಲ್ಲ ಎಂದರೆ ಅದೇ ಉತ್ತರ. ಒಳಗೆ ಮೂಗು ಚುರುಕಾಗಿರಲಿ. ಮೂತ್ರದ ವಾಸನೆ ಒಂದು ಕೋಣೆಯಲ್ಲಿದ್ದರೆ ಈಗಷ್ಟೇ ಆದ ಘಟನೆ ಇರಬಹುದು, ಇಡೀ ಮಹಡಿಯಲ್ಲಿದ್ದರೆ ಅದು ಪದ್ಧತಿ. ಕಣ್ಣು ಉರಿಯುವಷ್ಟು ಫಿನಾಯಿಲ್ ವಾಸನೆಯೂ ನನಗೆ ಒಳ್ಳೆಯ ಲಕ್ಷಣವೆಂದು ಅನ್ನಿಸುವುದಿಲ್ಲ.

ಮ್ಯಾನೇಜರ್ ಜೊತೆ ಮಾತು ಮುಗಿದ ಮೇಲೆ ಆಯಾ ಒಬ್ಬರನ್ನು ಮಾತಾಡಿಸಿ. ಇಲ್ಲಿಗೆ ಬಂದು ಎಷ್ಟು ದಿನವಾಯಿತು, ಜೊತೆಗೆ ಸೇರಿದವರು ಇನ್ನೂ ಇದ್ದಾರಾ, ರಜೆ ಸಿಗುತ್ತಾ, ಎಲ್ಲಿ ಮಲಗುತ್ತೀರಿ. ಎಲ್ಲರೂ ಎರಡು ತಿಂಗಳ ಹೊಸಬರಾದರೆ, ಅಮ್ಮನಿಗೆ ಬಲಗಿವಿ ಕೇಳುವುದಿಲ್ಲ, ಕಾಫಿಗೆ ಸಕ್ಕರೆ ಹಾಕಬಾರದು ಎಂಬುದನ್ನು ಯಾರೂ ತಿಳಿದುಕೊಂಡಿರುವುದಿಲ್ಲ.

ಕಾನೂನಿನ ಆಸರೆ ತೆಳುವಾಗಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬಡ ವೃದ್ಧರಿಗಾಗಿ ಜಿಲ್ಲೆಗೊಂದು ವೃದ್ಧಾಶ್ರಮದ ಮಾತಾಡುತ್ತದೆ. ಹಣ ಪಡೆದು ನಡೆಸುವ ಖಾಸಗಿ ಕೇಂದ್ರದಲ್ಲಿ ಎಷ್ಟು ಮಂದಿಗೆ ಎಷ್ಟು ಆಯಾ ಇರಬೇಕೆಂದು ಹೇಳುವುದಿಲ್ಲ. ಇಂಥ ಕೇಂದ್ರಗಳಿಗೆ ನೋಂದಣಿ, ಕನಿಷ್ಠ ಮಾನದಂಡ ತರಲು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ಅಂಗೀಕಾರವಾಗದೆ ಅದು ಬಿದ್ದುಹೋಯಿತು. ಉಳಿದ ದಾರಿಗಳು ಎಂದರೆ ಹಿರಿಯರ ಸಹಾಯವಾಣಿ 14567, ಮತ್ತು ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ದೂರಿಗೆ ಕಾಗದ ಬೇಕು. ಸೇರಿಸುವ ದಿನವೇ ಬೆನ್ನು, ಹಿಮ್ಮಡಿಯ ಫೋಟೊ ತೆಗೆದು, ತೂಕ ಬರೆಸಿ, ಕೇಂದ್ರದವರ ಸಹಿ ಹಾಕಿಸಿಕೊಳ್ಳಿ. ಇದು ಇಬ್ಬರಿಗೂ ಒಳ್ಳೆಯದು, ಆಸ್ಪತ್ರೆಯಿಂದಲೇ ಬಂದ ಹುಣ್ಣಿಗೆ ಕೇಂದ್ರ ಹೊಣೆಯಾಗಬೇಕಿಲ್ಲ.

ಕೇಂದ್ರ ಸರಿಯಿಲ್ಲ ಎನ್ನಿಸಿದ ಕೂಡಲೇ ಬದಲಿಸುವುದೂ ಸುಲಭವಲ್ಲ. ಮರೆವಿನ ಕಾಯಿಲೆಯವರು ಹೊಸ ಕೋಣೆ, ಹೊಸ ಮುಖಗಳ ನಡುವೆ ಇನ್ನಷ್ಟು ಗಲಿಬಿಲಿಗೊಳ್ಳುತ್ತಾರೆ, ಊಟ ಬಿಡುತ್ತಾರೆ, ಬೀಳುತ್ತಾರೆ. ಸಾರಿಗೆ ಉಪ್ಪು ಹೆಚ್ಚಾಯಿತು, ಅಂಗಿ ಬೇರೆಯವರ ಮೈಮೇಲಿತ್ತು ಎಂಬ ಕಾರಣಕ್ಕೆ ಸಾಮಾನು ಕಟ್ಟಬೇಡಿ; ಹೇಳಿ ನೋಡಿ, ಎರಡು ವಾರ ಬಿಟ್ಟು ಮತ್ತೆ ಹೋಗಿ ನೋಡಿ. ಹುಣ್ಣು ಕಂಡರೆ ಮಾತ್ರ ಅಂದೇ ವೈದ್ಯರನ್ನು ಕರೆಸಿ, ಅಂದಿನ ಚಾರ್ಟಿನ ಫೋಟೊ ತೆಗೆದುಕೊಳ್ಳಿ. ಹುಣ್ಣು ಮಾಂಸದೊಳಕ್ಕೆ ಇಳಿದಿದ್ದರೆ ಎರಡು ವಾರದ ಮಾತಿಲ್ಲ, ಅಲ್ಲಿಂದಲೇ ಆಂಬುಲೆನ್ಸ್‌ಗೆ ಫೋನ್ ಮಾಡಿ.