ಗಾಢ ಬಣ್ಣದ ಪ್ಯಾಂಟ್: ಭಯ ಬೇಡ, ಲೆಕ್ಕ ಇರಲಿ

ಶನಿವಾರ ಕಲರ್ ಡ್ರೆಸ್ ದಿನ. ಉಳಿದ ಐದು ದಿನ ಎಲ್ಲರೂ ಯೂನಿಫಾರ್ಮ್‌ನಲ್ಲಿ ಇರುವುದರಿಂದ ಯಾರ ಬೀರುವಿನಲ್ಲಿ ಎಷ್ಟು ಬಟ್ಟೆ ಇದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಶನಿವಾರ ಮಾತ್ರ ಗೊತ್ತಾಗಿಬಿಡುತ್ತದೆ. "ಇದೇ ಡ್ರೆಸ್ ಹೋದ ವಾರವೂ ಹಾಕಿದ್ದೆಯಲ್ಲಾ" ಎಂಬ ಒಂದು ಮಾತಿಗೆ ಹೆದರಿ ಆ ದಿನ ರಜೆ ಹಾಕುವ ಗೆಳತಿಯರು ನಮ್ಮ ನಡುವೆಯೇ ಇದ್ದಾರೆ. ಪಾಠವೂ ಹೋಯಿತು, ಹಾಜರಾತಿಯೂ ಹೋಯಿತು. ಹೊಸ ಸೆಟ್ ಕೊಡಿಸಿ ಎಂದು ಮನೆಯಲ್ಲಿ ಕೇಳುವುದು ಎಲ್ಲರಿಗೂ ಸುಲಭವಲ್ಲ. ಕೇಳಬೇಕಾದ ಅಗತ್ಯವೂ ಅಷ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ಇರುವ ಟಾಪ್‌ಗಳ ಜೊತೆಗೆ ಒಂದು ಗಾಢ ಬಣ್ಣದ ಪ್ಯಾಂಟ್ ಇದ್ದರೆ ಎಷ್ಟೋ ಶನಿವಾರಗಳು ದಾಟುತ್ತವೆ.

ಮೊದಲು ಗಣಿತ. ಪ್ರಥಮ ಪಿಯುಸಿಯಲ್ಲಿ ಎಣಿಕೆಯ ಮೂಲ ತತ್ವ ಓದಿದವರಿಗೆ ಇದು ಹೊಸದಲ್ಲ. ನಾಲ್ಕು ಸೆಟ್ ಕೊಂಡರೆ ಟಾಪ್, ಪ್ಯಾಂಟ್ ಸೇರಿ 8 ಬಟ್ಟೆ. ಹಾಕಿಕೊಳ್ಳುವ ಬಗೆ ನಾಲ್ಕೇ. ಬಿಡಿಯಾಗಿ 4 ಟಾಪ್, 3 ಪ್ಯಾಂಟ್ ಕೊಂಡರೆ 7 ಬಟ್ಟೆ. ಹಾಕಿಕೊಳ್ಳುವ ಬಗೆ 4 × 3, ಅಂದರೆ 12. ತಿಂಗಳಿಗೆ ನಾಲ್ಕು ಶನಿವಾರದಂತೆ ಮೂರು ತಿಂಗಳು. ಆದರೆ ಈ ಲೆಕ್ಕಕ್ಕೆ ಒಂದು ಷರತ್ತು ಇದೆ: ಪ್ರತಿ ಪ್ಯಾಂಟ್ ಪ್ರತಿ ಟಾಪ್‌ಗೂ ಹೊಂದಬೇಕು. ಆ ಭಯಕ್ಕೇ ನಾವೆಲ್ಲ ಕಪ್ಪು, ಬಿಳಿ, ಸ್ಕಿನ್ ಕಲರ್ ಲೆಗ್ಗಿಂಗ್ಸ್ ಕೊಳ್ಳುತ್ತೇವೆ. ಅವು ಎಲ್ಲದಕ್ಕೂ ಹೊಂದುತ್ತವೆ ನಿಜ. ಆದರೆ ಟಾಪ್ ಕಪ್ಪಿನ ಮೇಲೆ ಹೇಗೆ ಕಾಣುತ್ತದೋ ಸ್ಕಿನ್ ಕಲರ್ ಮೇಲೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಹನ್ನೆರಡರ ಲೆಕ್ಕ ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಮೂರರಲ್ಲಿ ಒಂದಾದರೂ ರಾಣಿ ಪಿಂಕ್, ಸಾಸಿವೆ ಹಳದಿ ಅಥವಾ ನವಿಲು ನೀಲಿ ಇದ್ದರೆ ಅದೇ ಟಾಪ್ ಬೇರೆ ಡ್ರೆಸ್ಸಿನಂತೆ ಕಾಣುತ್ತದೆ.

"ಅಯ್ಯೋ, ಇಷ್ಟು ಗಾಢವೇ!" ಎಂದು ಅಂಗಡಿಯಲ್ಲಿ ಅನ್ನಿಸುವುದು ಸಹಜ. ಅಲ್ಲಿ ಪ್ಯಾಂಟನ್ನು ಸೊಂಟದಿಂದ ಪಾದದವರೆಗೆ ಪೂರ್ತಿ ಬಿಡಿಸಿ ತೋರಿಸುತ್ತಾರೆ. ಹಾಕಿಕೊಂಡಾಗ ಅಷ್ಟು ಕಾಣುವುದಿಲ್ಲ. ಮೊಣಕಾಲಿನ ಕೆಳಗೆ ಬರುವ ಟಾಪ್ ಹಾಕಿದರೆ ಒಂದು ಗೇಣು ಬಣ್ಣ, ನಡೆಯುವಾಗ ಪಕ್ಕದ ಸೀಳಿನಲ್ಲಿ ಇನ್ನಷ್ಟು. ಬುರ್ಖಾ ಹಾಕುವವರಿಗೆ ದಾರಿಯಲ್ಲಿ ಪಾದದ ಬಳಿ ನಾಲ್ಕು ಬೆರಳು ಮಾತ್ರ. ಆದ್ದರಿಂದ ಅಂಗಡಿಯಲ್ಲಿ ಪ್ಯಾಂಟನ್ನು ಮಡಚಿ, ಒಂದು ಗೇಣು ಮಾತ್ರ ನಿಮ್ಮ ಟಾಪಿನ ಕೆಳಗೆ ಹಿಡಿದು ನೋಡಿ. ಎಷ್ಟೋ ಬಣ್ಣಗಳ ಭಯ ಅಲ್ಲೇ ಹೋಗುತ್ತದೆ. ಟಾಪ್ ಒಯ್ಯುವುದನ್ನು ಮಾತ್ರ ಮರೆಯಬೇಡಿ. ಬಣ್ಣ ನಮ್ಮ ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ಬಿಸಿಲಿನ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಆಗಿ ಕಂಡ ಎರಡು ಬಣ್ಣ ಹೊರಗೆ ಬೇರೆಯಾಗಿ ಕಾಣುವುದುಂಟು.

ಯಾವುದಕ್ಕೆ ಯಾವುದು ಎಂಬುದಕ್ಕೆ ಒಂದು ಹಳೆಯ ಕಥೆ ಸಹಾಯ ಮಾಡುತ್ತದೆ. ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಯುಜೀನ್ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ಬಣ್ಣ ಮಂಕಾಗಿದೆ ಎಂಬ ದೂರು ಬಂತು. ಅವರು ಪರೀಕ್ಷಿಸಿ ನೋಡಿದರೆ ಕಪ್ಪು ದಾರದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳಿಂದಾಗಿ ಅದು ಮಂಕಾಗಿ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣವೂ ನಿರ್ಧರಿಸುತ್ತದೆ ಎಂದು ಅವರು 1839ರಲ್ಲಿ ಪುಸ್ತಕವನ್ನೇ ಬರೆದರು. ನಮ್ಮ ಪ್ಯಾಂಟ್, ಟಾಪ್ ಕೂಡ ನೆರೆಹೊರೆಯೇ. ನೀಲಿಯ ಪಕ್ಕ ಕಿತ್ತಳೆ, ನೇರಳೆಯ ಪಕ್ಕ ಹಳದಿ, ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಇನ್ನಷ್ಟು ಹೊಳೆಯುತ್ತವೆ. ಎರಡೂ ಪೂರ್ತಿ ಗಾಢವಾಗಿದ್ದರೆ ಕಣ್ಣಿಗೆ ಕುತ್ತುತ್ತವೆ. ಹಾಗಾಗಿ ಕೆಳಗೆ ಗಾಢ ಇದ್ದರೆ ಮೇಲೆ ಅದರ ಎದುರು ಬಣ್ಣದ ತಿಳಿ ಛಾಯೆ ಇರಲಿ: ಬದನೆಕಾಯಿ ಬಣ್ಣದ ಪ್ಯಾಂಟ್‌ಗೆ ಬೆಣ್ಣೆಯಂಥ ತಿಳಿ ಹಳದಿ ಟಾಪ್, ನವಿಲು ನೀಲಿಗೆ ಈರುಳ್ಳಿ ಸಿಪ್ಪೆಯ ಬಣ್ಣ.

ಎದುರು ಬಣ್ಣ ಹಾಕುವುದು ನಮಗೆ ಪ್ಯಾರಿಸ್ ಕಲಿಸಿದ್ದೇನೂ ಅಲ್ಲ. ಇಳಕಲ್ ಸೀರೆ ನೋಡಿ. ಒಡಲು ಒಂದು ಬಣ್ಣ, ಕೆಂಪು ಸೆರಗು, ಅದರಲ್ಲಿ ಬಿಳಿಯ ತೋಪ್ ತೆನಿ; ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡು ಬೇರೆ ಬಣ್ಣಗಳ ನಡುವೆ ಒಂದು ಕೊಂಡಿ ಬೇಕು ಎಂಬುದು ಡ್ರೆಸ್ಸಿಗೂ ಸರಿಹೋಗುವ ಮಾತು. ಪ್ಯಾಂಟಿನ ಬಣ್ಣ ಮೇಲೆ ಎಲ್ಲಾದರೂ ಚೂರು ಕಾಣಿಸಿದರೆ "ಇದ್ದದ್ದು ಹಾಕಿಕೊಂಡು ಬಂದಳು" ಎಂದು ಯಾರಿಗೂ ಅನ್ನಿಸುವುದಿಲ್ಲ. ಟಾಪಿನ ಪ್ರಿಂಟ್‌ನಲ್ಲಿ ಆ ಬಣ್ಣದ ಸಣ್ಣ ಹೂವಿದ್ದರೂ ಸಾಕು. ವೇಲ್ ಅಥವಾ ಸ್ಕಾರ್ಫ್‌ನ ಅಂಚಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಮುಖದ ಹತ್ತಿರ ಬರುತ್ತದೆ. ಆದರೆ ಪ್ಯಾಂಟ್, ವೇಲ್, ಸ್ಕಾರ್ಫ್, ಬಳೆ, ಕ್ಲಿಪ್ ಎಲ್ಲ ಒಂದೇ ರಾಣಿ ಪಿಂಕ್ ಮಾಡುವುದು ನನಗೆ ಇಷ್ಟವಾಗುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ಗುಂಪು ನೃತ್ಯದ ನೆನಪಾಗುತ್ತದೆ.

ಕೊಂಡಿ ಮಾಡಿಕೊಳ್ಳುವ ಅತಿ ಅಗ್ಗದ ಉಪಾಯ ಟೈಲರ್ ಬಳಿ ಇದೆ. ಬಟ್ಟೆ ತಂದು ಹೊಲಿಸುವವರು ಸಾಮಾನ್ಯವಾಗಿ ಎರಡರಿಂದ ಎರಡೂವರೆ ಮೀಟರ್ ಕೊಡುತ್ತಾರೆ. ಹೊಲಿದು ಉಳಿದ ತುಂಡನ್ನು ಕೇಳಿ ಪಡೆಯಿರಿ. ಅದರಿಂದ ಹಳೆಯ ಸಾದಾ ಟಾಪಿನ ಕತ್ತಿಗೆ, ತೋಳಿನ ಅಂಚಿಗೆ ಪೈಪಿಂಗ್ ಹಾಕಿಸಿದರೆ ಅದು ಆ ಪ್ಯಾಂಟಿನ ಜೋಡಿಯೇ ಆಗಿಬಿಡುತ್ತದೆ. ಹೊಲಿಗೆ ಬರುವ ಅಮ್ಮ, ಅಕ್ಕ ಮನೆಯಲ್ಲಿದ್ದರೆ ಆ ಖರ್ಚೂ ಇಲ್ಲ.

ಪ್ಯಾಂಟಿನ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟಿಯಾಲದಲ್ಲಿ ನೆರಿಗೆ ಹೆಚ್ಚು, ಬಟ್ಟೆ ಹೆಚ್ಚು, ಬಣ್ಣವೂ ಹೆಚ್ಚು ಕಾಣುತ್ತದೆ. ಮೊದಲ ಸಲ ಗಾಢ ಬಣ್ಣ ಹಾಕುವವರು ನೇರ ಪ್ಯಾಂಟಿನಿಂದ ಶುರು ಮಾಡಬಹುದು. ತೆಳು ಲೆಗ್ಗಿಂಗ್ಸ್ ಕೊಳ್ಳುವ ಮೊದಲು ಒಳಗೆ ಕೈ ಹಾಕಿ ಎಳೆದು ನೋಡಿ. ಬೆರಳು ಕಂಡರೆ ಬಿಟ್ಟುಬಿಡಿ. ಚಪ್ಪಲಿ ಕಂದು ಅಥವಾ ಕಪ್ಪು ಸಾಕು.

ಇನ್ನು ಬಣ್ಣ ಬಿಡುವ ವಿಚಾರ. ಒಂದು ಕೆಂಪು ಪ್ಯಾಂಟ್ ಒಂದು ಬಕೆಟ್ ಬಟ್ಟೆಯನ್ನೇ ಹಾಳು ಮಾಡಬಲ್ಲದು. ಇಷ್ಟೊಂದು ಗಾಢ ಬಣ್ಣಗಳು ಅಗ್ಗವಾಗಿ ಸಿಗಲು ಕಾರಣ ಕೃತಕ ಬಣ್ಣಗಳು. ಅವುಗಳ ಆರಂಭ ನಮ್ಮದೇ ವಯಸ್ಸಿನ ಹುಡುಗನಿಂದ: 1856ರಲ್ಲಿ ಲಂಡನ್‌ನಲ್ಲಿ 18 ವರ್ಷದ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಪಡೆದ. ಇಂದು ಹತ್ತಿಗೆ ಬಳಸುವ ಬಣ್ಣಗಳಲ್ಲಿ 'ರಿಯಾಕ್ಟಿವ್' ಬಣ್ಣಗಳು ನೂಲಿನೊಡನೆ ರಾಸಾಯನಿಕ ಬಂಧ ಮಾಡಿಕೊಂಡು ಗಟ್ಟಿಯಾಗಿ ಕೂರುತ್ತವೆ. 'ಡೈರೆಕ್ಟ್' ಬಣ್ಣಗಳಿಗೆ ಅಂಥ ಬಂಧವಿಲ್ಲ, ಒಗೆದಾಗ ನೀರಿಗೆ ಇಳಿಯುತ್ತವೆ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು. ಆದ್ದರಿಂದ ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರನ್ನು ಪ್ಯಾಂಟಿನ ಒಳಹೊಲಿಗೆಯ ಮೇಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬೇರೆಯಾಗಿಯೇ ಒಗೆಯಬೇಕು, ಬಿಳಿ ಟಾಪ್ ಜೊತೆ ಮಳೆಯಲ್ಲಿ ಹಾಕಿಕೊಂಡು ಹೋಗಬಾರದು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ. ಉಪ್ಪು ಕೆಲಸಕ್ಕೆ ಬರುವುದು ಬಣ್ಣ ಹಾಕುವ ಹಂಡೆಯಲ್ಲಿ. ಸಡಿಲವಾಗಿ ಕೂತ ಬಣ್ಣವನ್ನು ಆಮೇಲೆ ಅದು ಕಟ್ಟಿಹಾಕುವುದಿಲ್ಲ. ಮೊದಲ ಎರಡು ಮೂರು ಸಲ ತಣ್ಣೀರಿನಲ್ಲಿ ಒಂಟಿಯಾಗಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಬಿಳಿ ಟಾಪ್ ಜೊತೆ ಅದನ್ನು ಹಾಕುವುದು ಆ ನೀರು ತಿಳಿಯಾದ ಮೇಲೆ.