ನೀರೊಳಗಿನ ಛಾಯಾಗ್ರಹಣ: ಸಲಕರಣೆಗಳ ಆಯ್ಕೆಯ ಕ್ರಮ

ಛಾಯಾಗ್ರಹಣವು ಬೆಳಕನ್ನು ನೆಚ್ಚಿದ ಕಲೆ. ನೆಲದ ಮೇಲೆ ಆ ಬೆಳಕು ಸಾಗಿಬರುವ ಗಾಳಿಯನ್ನು ಛಾಯಾಗ್ರಾಹಕನು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ನೀರಿನಲ್ಲಿ ಇಂತಹ ಅಲಕ್ಷ್ಯಕ್ಕೆ ಅವಕಾಶವಿಲ್ಲ. ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ನೀರು ಬೆಳಕನ್ನು ಬಾಗಿಸುತ್ತದೆ, ಹೀರುತ್ತದೆ, ಚದುರಿಸುತ್ತದೆ. ಆದ್ದರಿಂದ ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಇರುವ ನೀರನ್ನೇ ಮೊದಲ ಮಸೂರವೆಂದು ಭಾವಿಸಬೇಕಾಗುತ್ತದೆ. ಸಲಕರಣೆ ಕೊಳ್ಳಲು ಹೊರಟವರು ಮೊದಲು ಕ್ಯಾಮೆರಾವನ್ನು ಆರಿಸಿ, ಆಮೇಲೆ ಅದಕ್ಕೆ ಹೊಂದುವ ಕವಚವನ್ನು ಹುಡುಕಿ, ಹಣ ಉಳಿದರೆ ದೀಪವನ್ನು ಕೊಳ್ಳುವುದು ವಾಡಿಕೆ. ಈ ಕ್ರಮವು ತಲೆಕೆಳಗಾದುದು ಎಂಬುದನ್ನು ನೀರಿನ ಸ್ವಭಾವವೇ ತೋರಿಸಿಕೊಡುತ್ತದೆ. ಅದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹಾಸಿಕ ಹಿನ್ನೆಲೆ

ಈ ಕಲೆಯ ಆರಂಭಿಕರಲ್ಲಿ ಜೀವವಿಜ್ಞಾನಿಗಳು ಪ್ರಮುಖರು. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಬಾನ್ಯೂಲ್ಸ್ ಕಡಲತೀರದಲ್ಲಿ ನೀರು ಹೊಗದ ಪೆಟ್ಟಿಗೆಯೊಳಗೆ ಕ್ಯಾಮೆರಾವನ್ನಿಟ್ಟು ಚಿತ್ರ ತೆಗೆದನು. ನೀರಿನಲ್ಲಿ ಬೆಳಕು ಸಾಲದೆಂಬುದನ್ನು ಕಂಡುಕೊಂಡು ಮೆಗ್ನೀಸಿಯಂ ಉರಿಸುವ ದೀಪವನ್ನೂ ಸಿದ್ಧಪಡಿಸಿಕೊಂಡನು. ಮೀನುಗಳ ಬಣ್ಣವನ್ನು ಅಭ್ಯಸಿಸುತ್ತಿದ್ದ ಅಮೆರಿಕದ ವಿಲಿಯಂ ಲಾಂಗ್ಲಿ, ಚಾರ್ಲ್ಸ್ ಮಾರ್ಟಿನ್ ಜೊತೆಗೂಡಿ 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ದ್ವೀಪಗಳ ಬಳಿ ನೀರೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆದನು. ಅದಕ್ಕಾಗಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಯಿತು. ಅವು 1927ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟಗೊಂಡವು. ಜಾಕ್ ಕೂಸ್ತೋ ಅವರ ಪ್ರೇರಣೆಯಿಂದ ರೂಪುಗೊಂಡ ಕ್ಯಾಲಿಪ್ಸೋ ಎಂಬ ಕ್ಯಾಮೆರಾವನ್ನು ನಿಕಾನ್ ಸಂಸ್ಥೆ 1963ರಲ್ಲಿ ನಿಕಾನೋಸ್ ಎಂಬ ಹೆಸರಿನಲ್ಲಿ ಹೊರತಂದಿತು. 2001ರವರೆಗೂ ತಯಾರಾದ ಈ ಸಾಲಿನ ಕ್ಯಾಮೆರಾಗಳಿಗೆ ಪ್ರತ್ಯೇಕ ಕವಚ ಬೇಕಿರಲಿಲ್ಲ. ಅದರ 15 ಮಿ.ಮೀ. ಮಸೂರವನ್ನು ನೀರಿನ ಸಂಪರ್ಕದಲ್ಲಿಯೇ ಕೆಲಸ ಮಾಡುವಂತೆ ರೂಪಿಸಲಾಗಿತ್ತು. ಗಾಳಿಯಲ್ಲಿ ಅದು ಸ್ಪಷ್ಟ ಚಿತ್ರವನ್ನು ಕೊಡುತ್ತಿರಲಿಲ್ಲ. ಡಿಜಿಟಲ್ ಕ್ಯಾಮೆರಾಗಳ ಕಾಲದಲ್ಲಿ ನೆಲದ ಕ್ಯಾಮೆರಾವನ್ನು ಕವಚದೊಳಗಿಡುವ ಪದ್ಧತಿಯೇ ಪ್ರಧಾನವಾಯಿತು. ಅದರೊಂದಿಗೆ ನೀರಿಗೂ ಮಸೂರಕ್ಕೂ ನಡುವೆ ಗಾಜಿನ ಕಿಂಡಿಯೊಂದು ಅನಿವಾರ್ಯವಾಗಿ ಬಂದು ನಿಂತಿತು.

ಮಸೂರ ಮತ್ತು ಕಿಂಡಿ

ನೀರಿನ ವಕ್ರೀಭವನಾಂಕ ಸುಮಾರು 1.33. ಕಿಂಡಿಯ ಗಾಜು ಚಪ್ಪಟೆಯಾಗಿದ್ದರೆ ವಸ್ತುವು ತನ್ನ ನಿಜವಾದ ದೂರದ ಮುಕ್ಕಾಲು ಭಾಗದಲ್ಲಿ ಇರುವಂತೆಯೂ ಮೂರನೆಯ ಒಂದು ಭಾಗದಷ್ಟು ಹಿಗ್ಗಿದಂತೆಯೂ ಕಾಣುತ್ತದೆ. ಇದರಿಂದ ಮಸೂರದ ನೋಟ ಕಿರಿದಾಗುತ್ತದೆ: 28 ಮಿ.ಮೀ. ಮಸೂರವು ನೀರಿನಲ್ಲಿ ಸುಮಾರು 37 ಮಿ.ಮೀ. ಮಸೂರದಂತೆ ವರ್ತಿಸುತ್ತದೆ. ವಿಶಾಲಕೋನದಲ್ಲಿ ಚಿತ್ರದ ಅಂಚುಗಳು ಮಸುಕಾಗಿ ಬಣ್ಣಗಳು ಬೇರ್ಪಡುತ್ತವೆ. ಆದರೆ ಸಣ್ಣ ಜೀವಿಗಳನ್ನು ಹತ್ತಿರದಿಂದ ತೆಗೆಯುವ 60 ಅಥವಾ 100 ಮಿ.ಮೀ. ಮ್ಯಾಕ್ರೋ ಮಸೂರಗಳಿಗೆ ಈ ಹಿಗ್ಗುವಿಕೆ ಅನುಕೂಲವೇ ಸರಿ. ಅವುಗಳಿಗೆ ಚಪ್ಪಟೆ ಕಿಂಡಿಯೇ ಯೋಗ್ಯ.

ವಿಶಾಲಕೋನ ಮಸೂರಕ್ಕೆ ಗುಮ್ಮಟಾಕಾರದ ಕಿಂಡಿ ಬೇಕು. ಅದು ಕಳೆದುಹೋದ ನೋಟವನ್ನು ಮರಳಿ ಕೊಡುತ್ತದೆ. ಆದರೆ ಗುಮ್ಮಟದ ಹೊರಮೈ ನೀರಿನೊಂದಿಗೆ ಸೇರಿ ಒಂದು ನಿಮ್ನ ಮಸೂರದಂತೆ ಕೆಲಸ ಮಾಡುವುದರಿಂದ, ಬಹುದೂರದ ವಸ್ತುವಿನ ಮಿಥ್ಯಾಬಿಂಬವೂ ಗುಮ್ಮಟದ ಮುಂದೆ ಅದರ ತ್ರಿಜ್ಯದ ಸುಮಾರು ಮೂರು ಪಟ್ಟು ದೂರದಲ್ಲಿಯೇ ಮೂಡುತ್ತದೆ. ತ್ರಿಜ್ಯ 10 ಸೆಂ.ಮೀ. ಇದ್ದರೆ ಮುಂದಿರುವ ಸಮಸ್ತ ಕಡಲೂ 30 ಸೆಂ.ಮೀ. ಒಳಗೆ ಅಡಕವಾದಂತೆ! ಇಷ್ಟು ಸಮೀಪಕ್ಕೆ ಫೋಕಸ್ ಆಗದ ಮಸೂರವು ಎಷ್ಟೇ ಬೆಲೆಬಾಳಿದರೂ ಇಲ್ಲಿ ನಿರುಪಯುಕ್ತ. ಮಿಥ್ಯಾಬಿಂಬವು ಬಾಗಿರುವುದರಿಂದ ಅಂಚುಗಳ ಸ್ಪಷ್ಟತೆಗಾಗಿ ದ್ಯುತಿರಂಧ್ರವನ್ನು ಎಫ್/8 ಅಥವಾ ಅದಕ್ಕಿಂತ ಕಿರಿದಾಗಿಸಬೇಕಾಗುತ್ತದೆ. ಗುಮ್ಮಟ ಚಿಕ್ಕದಾದಷ್ಟೂ ಈ ತೊಡಕು ಹೆಚ್ಚು. ಅತಿ ಸಮೀಪದಲ್ಲಿ ಫೋಕಸ್ ಆಗುವ ಮತ್ಸ್ಯನೇತ್ರ ಮಸೂರವು ನೆಲದ ಮೇಲೆ ಅಪರೂಪವಾಗಿದ್ದರೂ ನೀರಿನಲ್ಲಿ ಬಹುಬಳಕೆಗೆ ಬಂದುದರ ಕಾರಣ ಇದೇ.

ಬೆಳಕಿನ ಸಮಸ್ಯೆ

ನೀರು ಎಲ್ಲ ಬಣ್ಣಗಳನ್ನೂ ಸಮನಾಗಿ ಹೀರುವುದಿಲ್ಲ. ಕೆಂಪು ಮೊದಲ ಕೆಲವೇ ಮೀಟರುಗಳಲ್ಲಿ ಬಹುಪಾಲು ಅಳಿದುಹೋಗುತ್ತದೆ. ಕಿತ್ತಳೆ, ಹಳದಿ ಅದನ್ನು ಹಿಂಬಾಲಿಸುತ್ತವೆ. ನೀಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಹೀಗಾಗಿ 20 ಮೀಟರು ಆಳದಲ್ಲಿ ಕೆಂಪು ಮೀನು ಬೂದುಗಪ್ಪಾಗಿ ಕಾಣುತ್ತದೆ. ಈ ನಷ್ಟವು ಆಳಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದೂರಕ್ಕೆ ಸಂಬಂಧಿಸಿದುದು. ಸ್ಟ್ರೋಬ್ ದೀಪದ ಮಹತ್ವ ಇರುವುದು ಇಲ್ಲಿಯೇ. ವಸ್ತುವಿನಿಂದ 1 ಮೀಟರು ದೂರದಲ್ಲಿಟ್ಟ ಸ್ಟ್ರೋಬಿನ ಬೆಳಕು ಹೋಗಿಬರುವುದು 2 ಮೀಟರು ಮಾತ್ರ. ಆದ್ದರಿಂದ ಬಣ್ಣ ಉಳಿಯುತ್ತದೆ. ದೂರ ಹೆಚ್ಚಿದರೆ ದೀಪ ಎಷ್ಟೇ ಪ್ರಬಲವಾಗಿದ್ದರೂ ಕೆಂಪು ಮರಳುವುದಿಲ್ಲ. ವಸ್ತುವಿನ ದೂರವು ನೀರಿನ ಪಾರದರ್ಶಕತೆಯ ಐದನೆಯ ಒಂದು ಭಾಗವನ್ನು ಮೀರಬಾರದೆಂಬ ಲೆಕ್ಕವೊಂದು ಮುಳುಗುಗಾರರಲ್ಲಿ ರೂಢಿಯಲ್ಲಿದೆ: 5 ಮೀಟರು ಕಾಣುವ ನೀರಿನಲ್ಲಿ 1 ಮೀಟರೇ ಮಿತಿ.

ಎರಡನೆಯ ತೊಡಕು ಚದುರುವಿಕೆ. ನೀರಿನಲ್ಲಿ ತೇಲುವ ಕೆಸರಿನ ಕಣ, ಪ್ಲವಕಗಳಿಗೆ ಮಸೂರದ ಪಕ್ಕದಿಂದಲೇ ಬೆಳಕು ಬಿದ್ದರೆ ಅವು ಚಿತ್ರದ ತುಂಬ ಬಿಳಿಯ ಚುಕ್ಕೆಗಳಾಗಿ ಮೂಡುತ್ತವೆ. ಕ್ಯಾಮೆರಾದಲ್ಲಿ ಅಡಕವಾಗಿರುವ ಫ್ಲಾಶ್ ನೀರಿನಲ್ಲಿ ನಿಷ್ಪ್ರಯೋಜಕವೆನಿಸುವುದು ಇದರಿಂದಲೇ. ಉದ್ದನೆಯ ಮಡಚುತೋಳುಗಳ ತುದಿಯಲ್ಲಿ ಸ್ಟ್ರೋಬನ್ನು ಕೂರಿಸಿ, ತುಸು ಹೊರಮುಖವಾಗಿ ತಿರುಗಿಸಿದರೆ ಮಸೂರದ ಮುಂದಿನ ನೀರಿಗೆ ಬೆಳಕು ಬೀಳುವುದು ತಪ್ಪುತ್ತದೆ. ಮ್ಯಾಕ್ರೋ ಕೆಲಸಕ್ಕೆ ಒಂದು ಸ್ಟ್ರೋಬ್ ಸಾಕಾಗಬಹುದು. ವಿಶಾಲಕೋನಕ್ಕೆ ಎರಡು ಬೇಕು. ತಯಾರಕರು ನಮೂದಿಸುವ ದೀಪದ ಬಲ ಸಾಮಾನ್ಯವಾಗಿ ಗಾಳಿಗೆ ಅನ್ವಯಿಸುವುದು. ನೀರಿನಲ್ಲಿ ಅದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆಂಬುದನ್ನು ಮರೆಯಬಾರದು.

ಕವಚ ಮತ್ತು ಕ್ಯಾಮೆರಾ

ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಒಟ್ಟು ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಪಾಲಿಕಾರ್ಬೊನೇಟ್ ಕವಚಗಳು ಹಗುರ, ಅಗ್ಗ ಮತ್ತು ಹವ್ಯಾಸಿಗಳಿಗೆ ಸಾಕೆನಿಸುವಂತಹವು. ಅಲ್ಯೂಮಿನಿಯಂ ಕವಚಗಳು ದೃಢವಾದರೂ ದುಬಾರಿ. ಎರಡರಲ್ಲಿಯೂ ನೀರನ್ನು ತಡೆಯುವುದು ಓ-ರಿಂಗ್ ಎಂಬ ರಬ್ಬರಿನ ಬಳೆ. ಅದರ ಮೇಲೆ ಕುಳಿತ ಒಂದು ಕೂದಲೆಳೆ ಅಥವಾ ಮರಳಿನ ಕಣ ಇಡೀ ಸಲಕರಣೆಯನ್ನು ಹಾಳುಗೆಡವಬಲ್ಲದು. ಆಳದ ಒತ್ತಡವು ಬಳೆಯನ್ನು ಬಿಗಿಯಾಗಿ ಅದುಮುವುದರಿಂದ ಆಳಕ್ಕಿಂತ ಮೇಲ್ಮಟ್ಟದಲ್ಲಿಯೇ ಸೋರಿಕೆಯ ಸಂಭವ ಹೆಚ್ಚು. ಕವಚದ ಗಾಳಿಯನ್ನು ಭಾಗಶಃ ಹೊರತೆಗೆದು, ನೀರಿಗಿಳಿಯುವ ಮೊದಲೇ ಸೋರಿಕೆಯನ್ನು ಪತ್ತೆಹಚ್ಚುವ ನಿರ್ವಾತ ಪರೀಕ್ಷೆಯ ಸೌಲಭ್ಯವು ಇಂದಿನ ಕವಚಗಳಲ್ಲಿ ಅಪೇಕ್ಷಣೀಯ.

ಕವಚವು ಬಹುಮಟ್ಟಿಗೆ ಒಂದೇ ಮಾದರಿಯ ಕ್ಯಾಮೆರಾಕ್ಕೆ ಅಚ್ಚಾದುದು. ಕ್ಯಾಮೆರಾ ಬದಲಾದರೆ ಕವಚವೂ ಬದಲಾಗಬೇಕು. ಕವಚದ ಬೆಲೆ ಅನೇಕ ವೇಳೆ ಕ್ಯಾಮೆರಾದ ಬೆಲೆಯನ್ನು ಮೀರುತ್ತದೆ. ಆದರೆ ಉತ್ತಮ ಸ್ಟ್ರೋಬ್ ಮತ್ತು ತೋಳುಗಳು ಕ್ಯಾಮೆರಾ ಬದಲಾದರೂ ಬಳಕೆಗೆ ಬರುತ್ತವೆ. ಆದ್ದರಿಂದ ಸೀಮಿತ ಹಣವಿರುವವರು ಸಾಧಾರಣ ಕ್ಯಾಮೆರಾವನ್ನೂ ಉತ್ತಮ ಸ್ಟ್ರೋಬನ್ನೂ ಕೊಳ್ಳುವುದು ವಿವೇಕ. ಕವಚದ ಹೊರಗೆ ಸಿಕ್ಕಿಸಿ ನೀರಿನಲ್ಲಿಯೇ ಬದಲಿಸಬಹುದಾದ ಮಸೂರಗಳು ಸಣ್ಣ ಕ್ಯಾಮೆರಾಗಳಿಗೆ ವಿಶೇಷ ಉಪಯುಕ್ತ. ಒಂದೇ ಮುಳುಗಿನಲ್ಲಿ ಸಣ್ಣ ಜೀವಿಯನ್ನೂ ವಿಶಾಲ ದೃಶ್ಯವನ್ನೂ ಸೆರೆಹಿಡಿಯಲು ಅವು ನೆರವಾಗುತ್ತವೆ. ದೊಡ್ಡ ಸಂವೇದಕದ ಕ್ಯಾಮೆರಾ ಶ್ರೇಷ್ಠವೆಂಬುದು ನಿಜವಾದರೂ, ಮೇಲಿನ ಅಗತ್ಯಗಳು ಪೂರೈಸಿದ ಬಳಿಕವೇ ಆ ವಿಚಾರ.

ಅನ್ವಯ

ಈ ತತ್ತ್ವಗಳನ್ನು ಕರ್ನಾಟಕದ ಕಡಲಿಗೆ ಅನ್ವಯಿಸಿ ನೋಡಬಹುದು. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಹವಳದ ಮೀನುಗಳೂ ಇವೆ. ಮುಂಗಾರಿನಲ್ಲಿ ಇಲ್ಲಿ ಮುಳುಗಾಟ ನಿಲ್ಲುತ್ತದೆ. ಉಳಿದ ತಿಂಗಳುಗಳಲ್ಲಿಯೂ ನೀರಿನ ತಿಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಲಕ್ಷದ್ವೀಪದ ತಿಳಿಗಡಲಿನಲ್ಲಿ ಒಪ್ಪುವ ದೂರದ ನೋಟಗಳು ಇಲ್ಲಿ ನಿತ್ಯ ಸಾಧ್ಯವಿಲ್ಲ. ನೀರು ಕದಡಿದ ದಿನ ಮ್ಯಾಕ್ರೋ ಮಸೂರ, ತಿಳಿಯಾದ ದಿನ ಮತ್ಸ್ಯನೇತ್ರ ಎಂಬ ಸಿದ್ಧತೆಯೇ ಇಲ್ಲಿಗೆ ತಕ್ಕುದು. ಮಧ್ಯಮ ಸಂಗಮದೂರದ ಮಸೂರವೊಂದನ್ನೇ ನೆಚ್ಚಿ ಹೋದವನು ಎರಡೂ ಬಗೆಯ ದಿನಗಳಲ್ಲಿ ನಿರಾಶನಾಗುತ್ತಾನೆ.

ಸಮಾರೋಪ

ನೀರೊಳಗಿನ ಚಿತ್ರವು ಅಲಂಕಾರ ಮಾತ್ರವಲ್ಲ, ದಾಖಲೆಯೂ ಹೌದು. ಬಣ್ಣ ತಪ್ಪಿದರೆ ಜೀವಿಯ ಗುರುತೂ ತಪ್ಪಬಹುದು. ಹವಳ ಬಿಳಿಚಿಕೊಂಡಿದೆಯೋ ಆರೋಗ್ಯವಾಗಿದೆಯೋ ಎಂಬ ನಿರ್ಣಯಕ್ಕೂ ಬಣ್ಣವೇ ಆಧಾರ. ಅಂತೆಯೇ, ಹೊತ್ತ ಸಲಕರಣೆಯ ಭಾರ ಮುಳುಗುಗಾರನ ಹಿಡಿತವನ್ನು ಮೀರಿದರೆ ಅವನ ಮೊಣಕಾಲು ತಾಗುವುದು, ವರ್ಷಕ್ಕೆ ಒಂದೆರಡು ಸೆಂಟಿಮೀಟರು ಬೆಳೆಯುವ ಕಲ್ಲುಹವಳಕ್ಕೆ. ಕ್ಯಾಮೆರಾ ಇಲ್ಲದೆ ನೀರಿನಲ್ಲಿ ನಿಶ್ಚಲವಾಗಿ ತೇಲಬಲ್ಲವನು ಮಾತ್ರ ಕ್ಯಾಮೆರಾ ಹಿಡಿಯಲು ಅರ್ಹ. ಮೊದಲು ಈಜು, ಬಳಿಕ ನೀರಿನ ಪರಿಚಯ, ಆಮೇಲೆ ಮಸೂರ ಮತ್ತು ದೀಪ, ಕಟ್ಟಕಡೆಗೆ ಕ್ಯಾಮೆರಾ: ಈ ಕ್ರಮವನ್ನು ಪಾಲಿಸಿದವರ ಹಣವೂ ಕಡಲಿನ ಜೀವರಾಶಿಯೂ ಉಳಿಯುತ್ತವೆ.